ಗುಜರಿ ಸೀಸ, ತವರ ಕರಗಿಸೋದು: ಯಾವುದನ್ನ ಯಾವುದರ ಜೊತಿ ಹಾಕಬೇಕು?

ಹಳೇಹುಬ್ಬಳ್ಳಿ_ಗಾಳ

ನಮಸ್ಕಾರ್ರಿ ಎಲ್ಲಾರಿಗೂ. ಬೀಸುಬಲಿಗೆ ಗುಂಡು, ಗೌಂಡಿ ಕೆಲಸಕ್ಕ ತೂಗುಗುಂಡು ಎರಕ ಹೊಯ್ಯಬೇಕು. ಮಾರಾಟಕ್ಕಲ್ಲ, ಹವ್ಯಾಸಕ್ಕ. ಗುಜರಿಯಿಂದ ಇಲ್ಲೀತನಕ ಕೂಡಿದ ಮಾಲು:

ಟೈರ್ ಅಂಗಡಿಯ ಬ್ಯಾಲೆನ್ಸಿಂಗ್ ತೂಕ (ಗಾಲಿ ರಿಮ್ಮಿಗೆ ಹಚ್ಚೋ ಸಣ್ಣ ತುಣುಕು) 9 ಕೆಜಿ, ಕ್ಲಿಪ್ಪಿನವು ಅಂಟಿಸೋವು ಎರಡೂ ಕೂಡೇ ಅದಾವ. ಹಳೇ ಪ್ರೆಸ್ಸಿನ ಮೊಳೆ (ಅಚ್ಚು ಒತ್ತೋ ಲೋಹದ ಅಕ್ಷರ) 4 ಕೆಜಿ, ಜೊತಿಗೆ ಒಂದಿಷ್ಟು ಚಿತ್ರದ ಬ್ಲಾಕು. ರೇಡಿಯೇಟರ್ ರಿಪೇರಿಯವರ ಬೆಸುಗೆ ತುಣುಕು 1 ಕೆಜಿ. ಬೆಳ್ಳಗಿನ ಪಟ್ಟಿ ಒಂದು, 600 ಗ್ರಾಂ, ಮಾರಿದವ ತವರ ಅಂದಾನ. ಸ್ಕೂಟರ್ ಬ್ಯಾಟರಿ ಎರಡು, ಇನ್ನೂ ಒಡದಿಲ್ಲ.

ಕೇಳೋದು ಮೂರ. ಎಲ್ಲಾ ಒಂದ ಬಾಣಲಿಗೆ ಹಾಕಿ ಕರಗಿಸಬಹುದಾ? ಪಾತ್ರಿ ಒಲಿ ಎಂಥಾದ್ದಿರಬೇಕು? ಆ ತವರದ ಪಟ್ಟಿಯಿಂದ ಮನಿಯ ಹಿತ್ತಾಳಿ ಪಾತೇಲಿಗೆ ಕಲಾಯಿ ಹಾಕಿಸಿದ್ರ ನಡೀತೈತೇನ್ರಿ?

ಗೋಕುಲರೋಡ್_ಲೇಥ್

ಒಂದ ಬಾಣಲಿಗೆ ಸುರಿದ್ರ ಐದು ಥರದ ಮಾಲು ಹೋಗಿ ಯಾವುದಕ್ಕೂ ಬಾರದ ಆರನೇದೊಂದು ಬರತೈತಿ. ಕರಗಿಸೋದು ಅರ್ಧ ತಾಸಿನ ಕೆಲಸ. ಆರಿಸೋದಕ್ಕ ಒಂದು ದಿನ ಇಡ್ರಿ.

ಮೊದಲು ಬ್ಯಾಲೆನ್ಸಿಂಗ್ ತೂಕ. ಇದರೊಳಗ ಮೂರು ಜಾತಿ: ಸೀಸ, ಸತು, ಕಬ್ಬಿಣ. ಅಯಸ್ಕಾಂತ ಆಡಿಸ್ರಿ. ಆದ್ರ ಕ್ಲಿಪ್ಪಿಗಲ್ಲ, ಮೈಗೆ ಹಿಡೀಬೇಕು, ಕ್ಲಿಪ್ ಎಲ್ಲಾದರೊಳಗೂ ಉಕ್ಕಿಂದ. ಮೈಗೆ ಅಂಟಿದ್ದು ಕಬ್ಬಿಣ, ತಗದು ಒಗೀರಿ. ಅಂಟಿಸೋ ಪಟ್ಟಿಯೊಳಗ ಈಗ ಕಬ್ಬಿಣದವು ಭಾಳ. ಉಳಿದವಕ್ಕ ಕಟಿಂಗ್ ಪ್ಲಾಯರ್ ಹಾಕಿ ಒತ್ತಿದ್ರ ಸೀಸ ಬೆಲ್ಲದ ಹಂಗ ಕಚ್ಚಿಸಿಕೊಳ್ಳತೈತಿ, ಸತು ಬರೇ ಗೀರು ಬಿದ್ದು ಜಾರತೈತಿ. ನೆಲಕ್ಕ ಒಗದ್ರ ಸೀಸ 'ದಪ್' ಅಂತೈತಿ, ಸತು 'ಟಣ್' ಅಂತೈತಿ. ಕೆಲವದರ ಮ್ಯಾಲೆ ಸತುವಿನ ಗುರುತು 'ಝಡ್‌ಎನ್', ಕಬ್ಬಿಣದ್ದು 'ಎಫ್‌ಇ' ಅಂತ ಒತ್ತಿರತಾರ. ಅನುಮಾನ ಉಳದ್ರ ಅರದಿಂದ ಬಣ್ಣ ಕೆರೆದು ಬಚ್ಚಲ ತೊಳಿಯೋ ಆಸಿಡ್ ಒಂದು ಹನಿ ಬಿಡ್ರಿ. ಸತು ಆದ್ರ ಬುರುಬುರು ನೊರಿ ಬರತೈತಿ, ಸೀಸ ಸುಮ್ನ ಇರತೈತಿ. ಆಮ್ಯಾಲೆ ತೊಳದು ಪೂರಾ ಒಣಗಿಸ್ರಿ.

ಸತುವಿಗೆ ಇಷ್ಟು ಅಂಜೋದ್ಯಾಕಂದ್ರ, ಒಂದು ಸಣ್ಣ ತೂಕ ಕರಗಿ ಸೇರಿದ್ರೂ ಸೀಸ ಅಚ್ಚಿನ ಅಂಚಿಗೆ ಹರಿಯೋದು ಬಿಡತೈತಿ. ಆದ್ರ ತಪ್ಪಿಸಿಕೊಳ್ಳಾಕ ದಾರಿ ಐತಿ. ಸತು ಕರಗೋದು 419 ಡಿಗ್ರಿಗೆ, ಸೀಸ 327ಕ್ಕ. ಕ್ಲಿಪ್ ತೂಕದೊಳಗ ಶೇಕಡಾ 2ರಿಂದ 4ರಷ್ಟು ಆಂಟಿಮನಿ (ಸೀಸವನ್ನ ಗಟ್ಟಿ ಮಾಡೋ ಲೋಹ) ಇರೋದರಿಂದ ಅದು 327ಕ್ಕೂ ಮೊದಲ ನೀರಾಗತೈತಿ. ಬಾಣಲಿ 340-360ರೊಳಗ ನಿಂತ್ರ ಕಣ್ಣು ತಪ್ಪಿಸಿ ಬಂದ ಸತುವಿನ ತೂಕ ಕರಗದ ಮ್ಯಾಲೆ ತೇಲತೈತಿ, ಸೌಟಿನಿಂದ ಎತ್ತಿ ಒಗೀಬಹುದು. ಉಕ್ಕಿನ ಕ್ಲಿಪ್ಪೂ ತೇಲತಾವ. ಕಬ್ಬಿಣ ತೇಲೋದನ್ನ ಮೊದಲ ಸಲ ನೋಡಿದವ್ರು ನಂಬೋದಿಲ್ಲ, ಆದ್ರ ಲೆಕ್ಕ ಸರಳ: ಸೀಸದ ಸಾಂದ್ರತೆ 11.34, ಕಬ್ಬಿಣದ್ದು 7.8. ಅದಕ್ಕ ಕೆ-ಟೈಪ್ ಥರ್ಮೋಕಪಲ್ (ಶಾಖ ಅಳಿಯೋ ಸಲಕರಣಿ) ಇಲ್ಲದ ಕ್ಲಿಪ್ ತೂಕಕ್ಕ ಕೈ ಹಚ್ಚಬ್ಯಾಡ್ರಿ. ಆರಿಸಿದ 9 ಕೆಜಿ ಮಾಲಿಗೆ ಕ್ಲಿಪ್ಪು, ಬೂದಿ ಕಳದು ಏಳೂವರೆ-ಎಂಟು ಕೆಜಿ ಗಟ್ಟಿ (ಎರಕದ ತುಂಡು) ಸಿಕ್ರ ಸರಿ ಐತಿ ಅಂತ ತಿಳೀರಿ.

ಅಂಟಿಸೋ ಸೀಸದ ಪಟ್ಟಿ ಬ್ಯಾರೇನ ಇಡ್ರಿ. ಅದು ಹೆಚ್ಚೂಕಮ್ಮಿ ಮೆತ್ತನ ಸೀಸ, ಉಗುರಿಂದ ಗೀರಿದ್ರ ಗೀರು ಬೀಳತೈತಿ. ಬಲಿಗುಂಡಿಗೆ ಅದ ಚಲೋ. ಹಿಂದಿನ ಅಂಟು, ಫೋಮು ಮೊದಲ ಕೆರದು ತಗೀರಿ, ಇಲ್ಲಾಂದ್ರ ಹೊಗಿ ಕಣ್ಣಾಗ ಹೋಗತೈತಿ.

ಪಾತ್ರಿ: ಬೀಡಿನ ಬಾಣಲಿ ಅಥವಾ ದಪ್ಪ ಉಕ್ಕಿನ ಡಬರಿ. ಅಲ್ಯುಮಿನಿಯಂ ಬ್ಯಾಡೇ ಬ್ಯಾಡ. ಈ ಶಾಖಕ್ಕ ಅದರ ಗಟ್ಟಿತನ ಹೋಗತೈತಿ, ಒಂದ ಲೀಟರ್ ಕರಗಿದ ಸೀಸ ಅಂದ್ರ 10 ಕೆಜಿ ಮ್ಯಾಲ, ತಳ ಬಾಯಿ ಬಿಟ್ರ ಮುಗೀತು. ಮೂರು ಲೀಟರಿನ ಪಾತ್ರಿ ತಗೊಂಡು ಅರ್ಧಕ್ಕಿಂತ ಮ್ಯಾಲ ತುಂಬಬ್ಯಾಡ್ರಿ. ಮನಿ ಗ್ಯಾಸ್ ಒಲಿ ಈ ಭಾರ ತಡಿಯೋದಿಲ್ಲ. ಕ್ಯಾಟರಿಂಗ್‌ನವರ ನೆಲದ ಬರ್ನರ್, ಅಗಲ ಕಾಲಿಂದು ತಗೋರಿ. ಫರ್ಶಿ ಅಥವಾ ಕಾಂಕ್ರೀಟ್ ನೆಲದ ಮ್ಯಾಲೆ ನೇರ ಇಡಬ್ಯಾಡ್ರಿ, ಒಳಗಿನ ಪಸಿ ಆವಿಯಾಗಿ ನೆಲ ಸಿಡೀತೈತಿ. ಒಣ ಉಸುಕು ಹರವಿ ಅದರ ಮ್ಯಾಲೆ ಇಡ್ರಿ.

ಈಗ ಆರಿದ್ರಾ ಮಳಿ ಹಿಡದೈತಿ, ಅದಕ್ಕ ನೀರಿನ ಮಾತು ಒತ್ತಿ ಹೇಳತೀನಿ. ಕರಗಿದ ಸೀಸದೊಳಗ ಒಂದು ಹನಿ ನೀರು ಮುಳುಗಿದ್ರ ಆವಿಯಾಗಿ ಸಾವಿರದ ಏಳುನೂರು ಪಟ್ಟು ಹಿಗ್ಗತೈತಿ, ಬಾಣಲಿಯ ಸೀಸ ಮುಖಕ್ಕ ಬರತೈತಿ. ಮಾಲೆಲ್ಲಾ ಬಾಣಲಿ ತಣ್ಣಗಿದ್ದಾಗ ಹಾಕಿ ಆಮ್ಯಾಲೆ ಒಲಿ ಹಚ್ಚೋದು ರೂಢಿ ಆಗಬೇಕು. ನಡುವ ಸೇರಿಸೋದಿದ್ರ ತುಣುಕನ್ನ ಹತ್ತು ನಿಮಿಷ ಬಾಣಲಿ ಅಂಚಿನ ಮ್ಯಾಲೆ ಕಾಯಿಸಿ ಸೇರಿಸ್ರಿ. ಸೌಟು, ಅಚ್ಚು, ಕಲಕೋ ಕಟ್ಟಿಗಿ ಎಲ್ಲಾಕ್ಕೂ ಇದ ನಿಯಮ. ಸೀಸದ ಪೈಪು ಸಿಕ್ರ ಎರಡೂ ತುದಿ ಕತ್ತರಿಸಿ ಉದ್ದುದ್ದ ಸೀಳ್ರಿ, ಮಡಚಿದ ಪೈಪಿನೊಳಗ ವರ್ಷಗಟ್ಟಲೆ ನೀರು ಕುಂತಿರತೈತಿ. ಬಾಜೂಕ ನೀರಿನ ಬಕೆಟ್ ಇಡೂದೂ ಬ್ಯಾಡ, ಒಣ ಉಸುಕಿನ ಬಕೆಟ್ ಇಡ್ರಿ. ಮಳಿ ಮೋಡ ಕಂಡ್ರ ಆ ದಿನ ಒಲಿ ಹಚ್ಚಬ್ಯಾಡ್ರಿ.

ಕರಗಿದ ಮ್ಯಾಲೆ ಶುದ್ಧ ಮಾಡೋದು: ಅಡಕಿ ಗಾತ್ರದ ಮೇಣದ ತುಂಡು ಹಾಕ್ರಿ. ಭಗ್ ಅಂತ ಹೊಗಿ ಬರತೈತಿ, ಉದ್ದ ಕಡ್ಡಿಯಿಂದ ಅದಕ್ಕ ಉರಿ ಹಚ್ರಿ, ಹೊಗಿ ಕಮ್ಮಿ ಆಗತೈತಿ. ಒಣ ಕಟ್ಟಿಗಿಯಿಂದ ತಳ, ಗೋಡಿ ಕೆರಕೋತ ಎರಡು ನಿಮಿಷ ಕಲಕ್ರಿ. ಮೇಣ ಬ್ಯಾಡಾದ್ರ ಒಂದು ಹಿಡಿ ಒಣ ಗರಗಸದ ಪುಡಿನೂ ನಡೀತೈತಿ. ಮ್ಯಾಲೆ ಕರಿ-ಬೂದು ಪುಡಿ (ಬೂದಿ ಅನ್ನೋದು ಇದಕ್ಕ) ಉಳಿದ್ರ ತೂತಿನ ಸೌಟಿಂದ ತಗೀರಿ. ಪುಡಿ ಅಲ್ಲದ ಹೊಳಿಯೋ ಮುದ್ದಿ ಬರಾಕತ್ತಿದ್ರ ತಗೀಬ್ಯಾಡ್ರಿ, ಅದರೊಳಗ ತವರ, ಆಂಟಿಮನಿ ಕುಂತಾವ. ಇನ್ನೊಮ್ಮೆ ಮೇಣ ಹಾಕಿ ಒಳಗ ಕಳಸ್ರಿ.

ಗಟ್ಟಿ ಹೊಯ್ಯಾಕ ಹಳೇ ಪಡ್ಡಿನ ಹಂಚು ಹೇಳಿ ಮಾಡಿಸಿದಂಗ ಐತಿ, ಬೀಡಿಂದಿರಬೇಕು. ಒಂದು ಗುಳಿಗೆ ಇನ್ನೂರು ಗ್ರಾಂ ಸುತ್ತಮುತ್ತ ಕುಂದರತೈತಿ. ದೊಡ್ಡ ಗಟ್ಟಿ ಬೇಕಾದ್ರ 40 ಮಿಮೀ ಆಂಗಲ್ 150 ಮಿಮೀ ಕತ್ತರಿಸಿ ಎರಡೂ ಬಾಯಿಗೆ ತಗಡು ವೆಲ್ಡ್ ಮಾಡಿಸ್ರಿ, ಒಂದೊಂದು ಕೆಜಿ ಮ್ಯಾಲ ಬರತೈತಿ. ತವರ ಸವರಿದ ಕೇಕ್ ತಟ್ಟಿ ಮಾತ್ರ ಬ್ಯಾಡ, ಸೀಸ ಅದಕ್ಕ ಬೆಸುಗೆ ಆಗಿ ಕುಂದರತೈತಿ. ಹೊಯ್ದ ಹಂಚು ಮತ್ತ ಅಡಗಿಮನಿ ಹೊಸ್ತಿಲ ದಾಟಬಾರದು, ಹಿಂದ ಬಣ್ಣ ಬಳದು ಇಡ್ರಿ.

ಸಪ್ತಾಪುರ_ರಸಾಯನ

ಮೇಲಿನವರು ಬಿಟ್ಟ ಎರಡು ವಿಷಯ: ಬ್ಯಾಟರಿ ಮತ್ತು ಕಲಾಯಿ. ಎರಡಕ್ಕೂ ಉತ್ತರ 'ಬೇಡ'. ಕಾರಣ ಬೇರೆ ಬೇರೆ.

ಬ್ಯಾಟರಿಯ ಒಳಗಿರುವುದರಲ್ಲಿ ಲೋಹ ಸ್ವಲ್ಪ, ಉಳಿದದ್ದು ಸೀಸದ ಸಲ್ಫೇಟ್ ಮತ್ತು ಆಕ್ಸೈಡಿನ ಲೇಪ. ಬಾಣಲೆಯಲ್ಲಿ ಲೇಪ ಕರಗುವುದಿಲ್ಲ, ದೂಳಾಗುತ್ತದೆ. ಆ ದೂಳೇ ಮೈಗೆ ಸೇರುವ ಸೀಸ. ಲೇಪವನ್ನು ಹಿಡಿದಿಡುವ ಜಾಲರಿಯ ಮಿಶ್ರಲೋಹದಲ್ಲಿ ಆಂಟಿಮನಿ, ಆರ್ಸೆನಿಕ್, ಕ್ಯಾಲ್ಸಿಯಂ ಇರಬಹುದು. ಅಂಥ ಬೂದಿಗೆ ನೀರು ಅಥವಾ ಆಸಿಡ್ ತಗಲಿದರೆ ಸ್ಟಿಬೀನ್, ಆರ್ಸೀನ್ ಅನಿಲ ಬರುವ ಅಪಾಯವಿದೆ. ಎರಡೂ ತೀವ್ರ ವಿಷ. ಕಾನೂನೂ ಇದೆ: 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ನೋಂದಾಯಿತ ಮರುಬಳಕೆದಾರರಿಗೇ ಸೇರಬೇಕು. ಒಡೆಯದೆ ಹಾಗೇ ಬ್ಯಾಟರಿ ಅಂಗಡಿಗೆ ಕೊಟ್ಟರೆ ಹೊಸದರ ಬೆಲೆಯಲ್ಲಿ ಕಳೆಯುತ್ತಾರೆ. ಲಾಭವೂ ಅದರಲ್ಲೇ.

ಇನ್ನು ನಿಮ್ಮ ಬಿಳಿ ಪಟ್ಟಿ. ತವರ ಹೌದೋ ಅಲ್ಲವೋ ನೋಡುವುದು ಸುಲಭ. ಪಟ್ಟಿ ತೆಳ್ಳಗಿದ್ದರೆ ಕಿವಿಯ ಹತ್ತಿರ ಹಿಡಿದು ಬಗ್ಗಿಸಿ. ತವರ ಚರಚರ ಸದ್ದು ಮಾಡುತ್ತದೆ, ಒಳಗಿನ ಹರಳುಗಳು ಜರುಗುವ ಸದ್ದು ಅದು. ಕಾಗದದ ಮೇಲೆ ಗೀಚಿದರೆ ಸೀಸ ಪೆನ್ಸಿಲಿನಂತೆ ಬೂದು ಗೆರೆ ಬಿಡುತ್ತದೆ, ಶುದ್ಧ ತವರ ಬಿಡುವುದಿಲ್ಲ ಎನ್ನುವಷ್ಟು ಕಡಿಮೆ. ಆಮೇಲೆ ಸಾಂದ್ರತೆ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ಪಟ್ಟಿಯನ್ನು ದಾರದಲ್ಲಿ ಕಟ್ಟಿ, ತಳಕ್ಕೆ, ಗೋಡೆಗೆ ತಾಗದಂತೆ ಪೂರ್ತಿ ಮುಳುಗಿಸಿ ಕೈಯಲ್ಲಿ ಹಿಡಿದಿರಿ. ತಕ್ಕಡಿ ತೋರಿಸುವ ಗ್ರಾಂ ಎಷ್ಟೋ ಪಟ್ಟಿಯ ಗಾತ್ರ ಅಷ್ಟು ಮಿಲಿಲೀಟರ್. ತೂಕವನ್ನು ಅದರಿಂದ ಭಾಗಿಸಿ. 600 ಗ್ರಾಮಿನ ಶುದ್ಧ ತವರ 82 ತೋರಿಸಬೇಕು, ಅಂದರೆ 7.3. ಅರ್ಧಕ್ಕರ್ಧ ಸೀಸವಿದ್ದರೆ 67-68 ತೋರಿಸುತ್ತದೆ, ಅಂದರೆ 8.9. ರೇಡಿಯೇಟರ್ ಬೆಸುಗೆಗೂ ಇದೇ ಪರೀಕ್ಷೆ: 9.7 ಬಂದರೆ ತವರ ಶೇಕಡಾ 30, 9.3 ಬಂದರೆ 40, 8.5 ಬಂದರೆ 60. ಸತುವಿನ ಸಾಂದ್ರತೆ 7.1, ತವರದ ಪಕ್ಕದ್ದೇ. ಹಾಗಾಗಿ ಆಸಿಡ್ ಹನಿಯನ್ನೂ ಹಾಕಿ ನೋಡಿ. ಆಂಟಿಮನಿಯ ಸಾಂದ್ರತೆ 6.7, ಆದ್ದರಿಂದ ಅಚ್ಚಿನ ಮೊಳೆಗೆ ಈ ಲೆಕ್ಕ ಹತ್ತುವುದಿಲ್ಲ.

ಈಗ ಕಲಾಯಿ. ಮೇಲಿನ ಪರೀಕ್ಷೆಗಳೆಲ್ಲ ಗುಂಡು ಹೊಯ್ಯುವವರಿಗೆ ಸಾಕು, ಅಡುಗೆಮನೆಗೆ ಸಾಲವು. 200 ಗ್ರಾಂ ಶುದ್ಧ ತವರ 27.4 ಮಿಲಿ, ಅದರಲ್ಲಿ ಶೇಕಡಾ 1ರಷ್ಟು ಸೀಸ ಬೆರೆತರೆ 27.3. ಮನೆಯ ತಕ್ಕಡಿಗೆ, ದಾರ ಹಿಡಿದ ಕೈಗೆ ಈ ವ್ಯತ್ಯಾಸ ಸಿಗುವುದಿಲ್ಲ. ಚರಚರ ಸದ್ದೂ ಬಂದೇ ಬರುತ್ತದೆ. ಆದರೆ ಆ ಪಾತ್ರೆಯಲ್ಲಿ ಹುಣಸೆಹುಳಿ ಕುದಿಸಿದರೆ, ಮಜ್ಜಿಗೆ ಇಟ್ಟರೆ ಸೀಸ ಅದರಲ್ಲಿ ಇಳಿಯುತ್ತದೆ. ಗುಜರಿಯಿಂದ ಬಂದ ತವರ, ಎಷ್ಟೇ ಬೆಳ್ಳಗಿದ್ದರೂ, ಕಲಾಯಿಗೆ ಬೇಡ. ಶುದ್ಧತೆ ನಮೂದಿಸಿದ ಹೊಸ ತವರ ಕೊಂಡು ಕಲಾಯಿಯವರ ಕೈಗೆ ಕೊಡಿ. ನಿಮ್ಮ ಬಾಣಲೆ, ಸೌಟುಗಳನ್ನು ಆ ಕೆಲಸಕ್ಕೆ ಕೊಡಬೇಡಿ.

ತವರದ ಆಸೆಗೆ ಎಣ್ಣೆ ಡಬ್ಬಿ, ಹಾಲಿನಪುಡಿ ಡಬ್ಬಿ ಕೂಡಿಸುವವರೂ ಇದ್ದಾರೆ. ಅದು ಉಕ್ಕಿನ ತಗಡು, ಮೇಲೆ ತವರದ ಲೇಪ ಮಾತ್ರ, ಕರಗಿಸಿದರೆ ಕೈಗೆ ಏನೂ ಬರುವುದಿಲ್ಲ. ಎಲೆಕ್ಟ್ರಾನಿಕ್ ಬೋರ್ಡ್ ಸುಟ್ಟು ಬೆಸುಗೆ ತೆಗೆಯುವುದಂತೂ ಬೇಡವೇ ಬೇಡ. ಆ ಹೊಗೆ ಸೀಸಕ್ಕಿಂತ ಕೆಟ್ಟದ್ದು.

ಆರೋಗ್ಯದ ಬಗ್ಗೆ: 400 ಡಿಗ್ರಿಯೊಳಗೆ ಸೀಸದ ಆವಿ ತೀರಾ ಕಡಿಮೆ. ಅಪಾಯವಿರುವುದು ಬೂದಿಯಲ್ಲಿ, ಕೈಯಲ್ಲಿ, ಬಟ್ಟೆಯಲ್ಲಿ. ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಬೂದಿ ತೆಗೆಯುವಾಗ ನುಣ್ಣನೆಯ ದೂಳನ್ನೂ ತಡೆಯುವ ಪಿ100 ಅಥವಾ ಪಿ3 ಫಿಲ್ಟರಿನ ಮುಖಗವಸು, ಮುಖ ಪೂರ್ತಿ ಮುಚ್ಚುವ ಶೀಲ್ಡ್, ಚರ್ಮದ ಕೈಗವಸು, ತುಂಬುತೋಳಿನ ಹತ್ತಿ ಅಂಗಿ, ಶೂ. ಚಪ್ಪಲಿ ನಡೆಯದು, ನೈಲಾನ್ ಮೈಗೆ ಅಂಟುತ್ತದೆ. ಪ್ಯಾಂಟಿನ ಕಾಲು ಶೂ ಒಳಗೆ ತುರುಕದೆ ಮೇಲೆ ಬಿಡಿ. ಕೆಲಸದ ನಡುವೆ ಎಲೆ-ಅಡಿಕೆ, ಗುಟ್ಕಾ, ಚಹಾ ಬೇಡ. ಮುಗಿದ ಮೇಲೆ ಮೊದಲು ಸೋಪಿನಿಂದ ಕೈ, ಮುಖ, ಆಮೇಲೆ ಬೇರೆ ಮಾತು. ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ಒಗೆಯಬಾರದು. ಮಕ್ಕಳಿಗೆ, ಬಸುರಿಯರಿಗೆ ಆ ಅಂಗಳವೇ ಬೇಡ. ರಕ್ತದಲ್ಲಿ ಸೀಸಕ್ಕೆ ಸುರಕ್ಷಿತ ಮಟ್ಟ ಎಂಬುದು ಗೊತ್ತಿಲ್ಲ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಮಕ್ಕಳ ವಿಷಯದಲ್ಲಿ ಎಚ್ಚರಿಕೆಯ ಮಟ್ಟವನ್ನು 2021ರಲ್ಲಿ ಪ್ರತಿ ಡೆಸಿಲೀಟರಿಗೆ 5 ಮೈಕ್ರೋಗ್ರಾಮಿನಿಂದ 3.5ಕ್ಕೆ ಇಳಿಸಿತು. ಆಗಾಗ ಈ ಕೆಲಸ ಮಾಡುವವರು ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಬೂದಿಯನ್ನು ಮುಚ್ಚಳದ ಡಬ್ಬಿಯಲ್ಲಿ ಹೆಸರು ಬರೆದಿಡಿ, ಗಟಾರಕ್ಕೆ, ಹಿತ್ತಲಿಗೆ ಚೆಲ್ಲಬೇಡಿ.

ಬೆಟಗೇರಿ_ಮೊಳೆ

ಮೊಳೆ ಕರಗಿಸೋಕಿಂತ ಮೊದಲು ಒಂದು ಮಾತ್ರಿ. ಕೇಸಿನೊಳಗ (ಮೊಳೆ ಜೋಡಿಸಿ ಇಡೋ ಪೆಟ್ಟಿಗಿ) ಪೂರಾ ಸೆಟ್ ಇದ್ರ, ಮುಖ ಸವದಿಲ್ಲಾಂದ್ರ ಕರಗಿಸಬ್ಯಾಡ್ರಿ. ಕನ್ನಡ ಮೊಳೆ ಹೊಸದಾಗಿ ಎರಕ ಹೊಯ್ಯೋರು ಸಿಗೋದ ಕಷ್ಟ. ಕೈಯಚ್ಚಿನ ಹುಚ್ಚಿದ್ದವ್ರು ಒತ್ತಕ್ಷರ, ಕೊಂಬು, ದೀರ್ಘ ಹುಡುಕಿಕೊಂಡು ಬರತಾರ, ಲೋಹದ ರೇಟಿಗಿಂತ ಹೆಚ್ಚು ಕೊಡತಾರ. ಸವದದ್ದು, ಮುರದದ್ದು, ಕಲಬೆರಕಿ ಆಗಿದ್ದು ಅಷ್ಟ ಬಾಣಲಿಗೆ.

ಎರಡನೇದ್ದು ಆ ಬ್ಲಾಕು. ಅದ ನಿಮ್ಮ ಕಳ್ಳ. ಚಿತ್ರದ ಬ್ಲಾಕಿನ ತಗಡು ಸಾಮಾನ್ಯವಾಗಿ ಸತು, ಕಟ್ಟಿಗಿ ಮ್ಯಾಲೆ ಸಣ್ಣ ಮೊಳಿ ಹೊಡದು ಕುಂದರಿಸಿರತಾರ. ಕೆಲವು ತಾಮ್ರದ್ದೂ ಇರತಾವ. ಒಂದೂ ಒಳಗ ಬೀಳಬಾರದು. ಗೆರಿ ಒತ್ತೋ ಹಿತ್ತಾಳಿ ಪಟ್ಟಿ, ಅಂದ್ರ ರೂಲನ್ನೂ ಆರಿಸಿ ತಗೀರಿ, ಬ್ಯಾರೆ ಮಾರಿದ್ರ ರೊಕ್ಕ ಬರತೈತಿ. ಸಾಲಿನ ನಡುವ ಹಾಕೋ ತೆಳು ಲೆಡ್ಡು ಮೊಳೆಗಿಂತ ಮೆತ್ತಗಿರತೈತಿ, ಅದಕ್ಕ ಇನ್ನೊಂದು ಡಬ್ಬಿ.

ಮೊಳೆಯೊಳಗ ಸೀಸದ ಜೊತಿ ಆಂಟಿಮನಿ, ತವರ ಎರಡೂ ಇರತಾವ. ಆಂಟಿಮನಿ ಗಟ್ಟಿತನಕ್ಕ, ತವರ ಸರಾಗ ಹರಿಯಾಕ. ಲೈನೋಟೈಪ್ (ಇಡೀ ಸಾಲನ್ನ ಒಮ್ಮೆಗೇ ಎರಕ ಹೊಯ್ಯೋ ಮಷಿನ್) ಸಾಲಿನ ಲೋಹ ಅಂದ್ರ ಆಂಟಿಮನಿ ಶೇಕಡಾ 11-12, ತವರ 4ರ ಆಸುಪಾಸು, 240 ಡಿಗ್ರಿಗೆಲ್ಲಾ ನೀರು. ಕೈಯಿಂದ ಜೋಡಿಸೋ ಬಿಡಿ ಅಕ್ಷರದ ಕೈಮೊಳೆ ಇದಕ್ಕಿಂತ ಗಟ್ಟಿ, ಆದ್ರ ಒಂದೊಂದು ಫೌಂಡ್ರಿದ್ದು ಒಂದೊಂದು ಪಾಕ. ಬಲಿಗುಂಡಿಗೆ ಇದನ್ನ ಹಾಕೋದು ಅಂದ್ರ ತುಪ್ಪದಾಗ ಕಾಲು ತೊಳದಂಗ. ಮೆತ್ತನ ಸೀಸವನ್ನ ಬಿಗಿ ಮಾಡಾಕ ಬಳಸ್ರಿ: ಒಂದು ಕೆಜಿ ಲೈನೋ ಲೋಹಕ್ಕ ಮೂರು ಕೆಜಿ ಮೆತ್ತನ ಸೀಸ ಕೂಡಿಸಿದ್ರ ಆಂಟಿಮನಿ 3, ತವರ 1 ಆಗತೈತಿ, ಕ್ಲಿಪ್ ತೂಕದ ಹದಕ್ಕ ಬರತೈತಿ. ಕೈಮೊಳೆ ಆದ್ರ ಒಂದಕ್ಕ ಐದರಿಂದ ಸುರು ಮಾಡಿ 200 ಗ್ರಾಂ ಹೊಯ್ದು ಉಗುರಿಂದ ನೋಡ್ರಿ.

ಮಸಿ ಹತ್ತಿದ ಮೊಳೆ ಹಾಗೇ ಹಾಕಿದ್ರ ಕರಿ ಹೊಗಿ. ಸೀಮೆಣ್ಣಿಯೊಳಗ ನೆನಸಿ, ಬ್ರಶ್ಶಿನಿಂದ ತಿಕ್ಕಿ, ಎರಡು ದಿನ ಬಿಸಿಲಿಗೆ ಹರವಿ ಆಮ್ಯಾಲೆ ಕರಗಿಸ್ರಿ. ಎಣ್ಣಿ ಪಸಿ ಇದ್ದಾಗ ಒಲಿ ಹತ್ರ ತರಬ್ಯಾಡ್ರಿ.

ಹಳೇಹುಬ್ಬಳ್ಳಿ_ಗಾಳ

ಭಾಳ ಉಪಕಾರ ಆತ್ರಿ. ಬ್ಯಾಟರಿ ಅಂಗಡಿಗೆ, ಕಲಾಯಿ ವಿಚಾರ ಬಂದ್. ಬಿಳಿ ಪಟ್ಟಿ ಮುಳುಗಿಸಿದ್ರ 70 ತೋರಿಸ್ತು, ಅಂದ್ರ 8.57. ತವರ ಅಲ್ಲ, ಬೆಸುಗೆ ಪಟ್ಟಿ.

ಕ್ಲಿಪ್ ತೂಕ 3 ಕೆಜಿ ಪ್ರಯೋಗಕ್ಕ ಕಾಯಿಸಿದ್ರ ಮ್ಯಾಲೆ ಗಂಜಿಗತೆ ದಪ್ಪ ಪದರು ಕುಂತೈತಿ. ಮೇಣ ಎರಡು ಸಲ ಹಾಕಿದ್ರೂ ಹೋಗವಲ್ದು. ಥರ್ಮೋಕಪಲ್ 310 ತೋರಿಸಾಕತ್ತೈತಿ. ಸತು ಏನ್ರಿ?

ಗೋಕುಲರೋಡ್_ಲೇಥ್

310 ಅಂದ್ರ ಅವಸರ ಮಾಡಬ್ಯಾಡ್ರಿ. ಅಷ್ಟು ಕಮ್ಮಿ ಶಾಖಕ್ಕ ಪೂರಾ ಕರಗದ ಭಾಗನೂ ಗಂಜಿಗತೆ ಕಾಣತೈತಿ. ತೇಲೋ ಕ್ಲಿಪ್ಪು, ಕರಗದ ತೂಕ ಮೊದಲು ಎತ್ತಿ ತಗೀರಿ. ಆಮ್ಯಾಲೆ 380ಕ್ಕ ಏರಿಸಿ ಇನ್ನೊಮ್ಮೆ ಮೇಣ ಹಾಕಿ ಕಲಕ್ರಿ. ಪದರು ಒಳಗ ಹೋಗಿ ಮ್ಯಾಲೆ ಕನ್ನಡಿಗತೆ ಹೊಳದ್ರ ಬರೇ ಶಾಖ ಕಮ್ಮಿ ಇತ್ತು. 380ಕ್ಕೂ ಅವಲಕ್ಕಿ ನೆನಸಿದಂಗ ನಿಂತ್ರ ಸತು.

ಸತುವ ಆಗಿದ್ರ ಒಲಿ ಸಣ್ಣ ಮಾಡಿ ನಿಧಾನಕ್ಕ 340ರತನಕ ಇಳಸ್ರಿ. ತಣ್ಣಗಾದಂಗ ಸೀಸ ಸತುವನ್ನ ಹೊರಗ ಹಾಕತೈತಿ, ಅದು ಹಗುರ, ಮ್ಯಾಲೆ ಕೆನಿಗತೆ ಕಟ್ಟತೈತಿ. ಕೆನಿ ತಗೀರಿ, ಇನ್ನೊಂದು ಸಲ ಹಂಗ ಮಾಡ್ರಿ. ಎಷ್ಟ ಮಾಡಿದ್ರೂ ಶೇಕಡಾ ಅರ್ಧದಷ್ಟು ಒಳಗ ಉಳಿಯೋದ. ಅಂಥಾ ಸೀಸ ತೂಗುಗುಂಡಿಗೆ ಬ್ಯಾಡ, ಅಂಚು ತುಂಬೋದಿಲ್ಲ. ಬಲಿಗುಂಡಿಗೆ ನಡೀತೈತಿ. ಚಲೋ ಮಾಲಿನ ಜೊತಿ ಮಾತ್ರ ಕೂಡಿಸಬ್ಯಾಡ್ರಿ.

ಬೆಸುಗೆ ಪಟ್ಟಿ ಕಳಕೋಬ್ಯಾಡ್ರಿ. 8.57 ಅಂದ್ರ ತವರ ಶೇಕಡಾ 60ಕ್ಕ ಸ್ವಲ್ಪ ಕಮ್ಮಿ. ಐದು ಕೆಜಿ ಸೀಸಕ್ಕ ಶೇಕಡಾ 2 ತವರ ಬೇಕಾದ್ರ ಈ ಪಟ್ಟಿ 175 ಗ್ರಾಂ ಸಾಕು. ಅಚ್ಚಿನ ಮೂಲಿ ಮೂಲಿಗೆ ಹರೀತೈತಿ.

ಇನ್ನೊಂದು. ಬಾಣಲ್ಯಾಗ ಸೀಸ ಉಳಿಸಿ ಒಲಿ ಆರಿಸೋದಿದ್ರ, ಹೆಪ್ಪಾಗೋಕಿಂತ ಮೊದಲ ಒಂದು ಬಗ್ಗಿಸಿದ ಸರಳು ತಳಾ ಮುಟ್ಟುವಂಗ ಇಟ್ಟಬಿಡ್ರಿ. ಹೆಪ್ಪಾದ ಮ್ಯಾಲೆ ಗಡ್ಡಿ ಎತ್ತಿ ತಗೀಬಹುದು. ಇಲ್ಲಾಂದ್ರ ಮುಂದಿನ ಸಲ ತಳ ಮೊದಲು ಕರಗಿ, ಮ್ಯಾಲಿನ ಗಟ್ಟಿ ಪದರಿನ ಬಿರುಕಿನ್ಯಾಗಿಂದ ಪಿಚಕಾರಿಗತೆ ಹಾರತೈತಿ.

ವರದಾ_ಬಲೆ

ಹಾವೇರಿ ಕಡೆಯಿಂದ, ಅಚ್ಚಿನ ಬಗ್ಗೆ ಅಷ್ಟ. ಬಲಿಗುಂಡಿಗೆ ಬಳಪದ ಕಲ್ಲಿನ ಅಚ್ಚು ಮೀರಿಸೋದು ಯಾವುದೂ ಇಲ್ಲ. ಚಾಕೂಲೆ ಕೊರೀಬಹುದು, ಶಾಖ ತಡೀತೈತಿ. ಲಕ್ಕುಂಡಿ ಗುಡಿಗಳ ಕಲ್ಲೂ ಇದ ಬಳಗದ್ದು, ಅದಕ್ಕ ಅಷ್ಟು ನಾಜೂಕು ಕೆತ್ತನಿ. ಹಂಗಂತ ಹಳೇ ಗುಡಿ ಬಾಜೂಕ ಬಿದ್ದ ತುಂಡು ಎತ್ತಿ ತರಬ್ಯಾಡ್ರಿ, ಕಲ್ಲು ಕೊಂಡು ತರ್ರಿ.

ಎರಡು ತುಂಡನ್ನ ಪಾಲಿಶ್ ಕಾಗದದ ಮ್ಯಾಲೆ ತಿಕ್ಕಿ ಸಪಾಟ ಮಾಡ್ರಿ, ನಡುವ ಬೆಳಕು ಕಾಣಬಾರದು. ಎರಡು ಮೂಲಿಗೆ ಹಿತ್ತಾಳಿ ಗೂಟ. 9 ಮಿಮೀ ದಪ್ಪ, 22 ಮಿಮೀ ಉದ್ದದ ಕುಳಿ ಕೊರದ್ರ ಗುಂಡು 15 ಗ್ರಾಂ ಬರತೈತಿ. ದಾರದ ತೂತಿಗೆ 2 ಮಿಮೀ ಸ್ಟೀಲ್ ಸೈಕಲ್ ಕಡ್ಡಿ ನಡುವ ಇಡ್ರಿ. ಸುರಿಬಾಯಿ 6 ಮಿಮೀ, ಕುಳಿ ತುದಿಯಿಂದ ಗಾಳಿ ಹೋಗಾಕ ಕೂದಲೆಳಿಯಷ್ಟು ಗೀರು. ಒಳಗ, ಕಡ್ಡಿಗೆ ಚಿಮಣಿ ಕಾಡಿಗಿ ಹಿಡಸ್ರಿ, ಗುಂಡು ಅಂಟೋದಿಲ್ಲ. ಹೊಸ ಅಚ್ಚನ್ನ ಒಲಿ ಬಾಜೂಕ ಒಂದು ತಾಸು ಕಾಯಿಸಿ ಪಸಿ ಪೂರಾ ಓಡಿಸಿದ ಮ್ಯಾಲೆ ಮೊದಲ ಸೌಟು.

ಮೈ ಸುಕ್ಕು ಬಿದ್ರ ಅಚ್ಚು ತಣ್ಣಗೈತಿ, ಮೊದಲ ಐದಾರು ಗುಂಡು ಹಂಗ ಬರೋದ, ತಿರುಗಿ ಬಾಣಲಿಗೆ ಹಾಕ್ರಿ. ಮೈ ಮಂಜು ಕವಿದಂಗಿದ್ರ ಅಚ್ಚು ಅತಿ ಬಿಸಿ, ಎರಡು ನಿಮಿಷ ಬಿಡ್ರಿ. ಸುರಿಬಾಯಿ ಬುಡಕ್ಕ ಗುಳಿ ಬಿದ್ರ ಸೀಸ ಹೆಪ್ಪಾಗುವಾಗ ಕುಗ್ಗಿದ್ದು, ಬಾಯಿ ಮ್ಯಾಲೆ ಇನ್ನೊಂದು ಹನಿ ಸೀಸ ನಿಲ್ಲುವಂಗ ಸುರೀರಿ. ಸುತ್ತ ರೆಕ್ಕಿಗತೆ ತೆಳು ಸೀಸ ಹೊರಗ ಬಂದ್ರ ಕ್ಲಾಂಪ್ ಸಡಲೈತಿ.

ತೂಗುಗುಂಡಿಗೆ 36 ಮಿಮೀ ಬಾಯಿ, 100 ಮಿಮೀ ಉದ್ದದ ಶಂಕು ಅಂದ್ರ 380 ಗ್ರಾಂ ಸುತ್ತಮುತ್ತ. ಮೆತ್ತನ ಸೀಸದ ತುದಿ ಒಂದು ಸಲ ಕೆಳಗ ಬಿದ್ರ ಮೊಂಡ ಆಗತೈತಿ. ಕ್ಲಿಪ್ ತೂಕದ ಸೀಸ ಬಳಸಿ, ಅಚ್ಚಿನ ತುದಿಯೊಳಗ ಚೂಪು ಸ್ಕ್ರೂ ಒಂದನ್ನ ಮೂತಿ ಕೆಳಗ ಮಾಡಿ ನಿಲ್ಲಿಸಿ ಅದರ ಮ್ಯಾಲೆ ಸುರೀರಿ.

ಗಟ್ಟಿ ಹೊಯ್ದ ಕೂಡಲೇ ಉಳಿಯಿಂದ ಒಂದಕ್ಷರ ಕೊರದು ಇಡ್ರಿ: ಮೆತ್ತಂದಕ್ಕ 'ಮೆ', ಕ್ಲಿಪ್ಪಿಂದಕ್ಕ 'ಕ್ಲಿ', ಮೊಳೆದಕ್ಕ 'ಮೊ', ಸತು ಹತ್ತಿದ್ದಕ್ಕ ಕಾಟು. ತಣ್ಣಗಾದ ಮ್ಯಾಲೆ ನಾಲ್ಕೂ ಒಂದ ಥರ ಕಾಣತಾವ.